ಕತ್ತರಿ ಅಕ್ಕ ಎಸೆಯದ ಚೂರುಗಳು

ಕತ್ತರಿ ಅಕ್ಕನ ಕೈಯಲ್ಲಿ ಯಾರೂ ಕತ್ತರಿ ಕಂಡಿಲ್ಲ. ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಎರಡು ಕಂಪ್ಯೂಟರ್ ತೆರೆಗಳ ಮುಂದೆ ಕೂತು ವಿಡಿಯೊ ಎಡಿಟಿಂಗ್ ಮಾಡುವುದು ಅವಳ ಕಸುಬು. ಕೆಳಗೆ ಬಟ್ಟೆ ಕತ್ತರಿಸುತ್ತಾರೆ, ಮೇಲೆ ಮಾತು ಕತ್ತರಿಸುತ್ತಾರೆ ಎಂದು ಬೀದಿಯವರು ಆಡಿದ ತಮಾಷೆಯೇ ಅವಳಿಗೆ ಹೆಸರಾಗಿ ಅಂಟಿಕೊಂಡಿತು. ಈಗ ನಿಜವಾದ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿ ನೋಡುವುದೂ ಅನುಮಾನ.

ಶಾಲೆಯ ವಾರ್ಷಿಕೋತ್ಸವ, ಮದುವೆ, ಕಾರ್ಖಾನೆಯಲ್ಲಿ ಹೆಲ್ಮೆಟ್ ಹಾಕಿಕೊಳ್ಳಿ ಎಂದು ಹೇಳುವ ಪಾಠ, ಚುನಾವಣೆಗೆ ನಿಂತವರ ಭಾಷಣ, ಏನು ಬಂದರೂ ಸೈ. ಹೆಸರು ಮಾಡಿದ್ದು ಮಾತ್ರ ಮಾತು ಬಾರದವರನ್ನು ಮಾತುಗಾರರನ್ನಾಗಿ ಮಾಡುವುದರಲ್ಲಿ. ವಾಕ್ಯಕ್ಕೊಮ್ಮೆ ಕೆಮ್ಮಿ, ನಡುನಡುವೆ ‘ಅದೇನಪ್ಪಾ ಅಂದ್ರೆ’ ಎಂದು ತಡವರಿಸಿದ ಮನುಷ್ಯ ಅವಳ ಕೋಣೆಯ ಮೆಟ್ಟಿಲು ಹತ್ತಿ ಇಳಿದರೆ ಅರಳು ಹುರಿದ ಹಾಗೆ ಮಾತಾಡುತ್ತಿರುತ್ತಾನೆ. ಕೆಮ್ಮು ಎಲ್ಲಿ ಹೋಯಿತು ಎಂದು ಅವನ ಹೆಂಡತಿಗೂ ಗೊತ್ತಾಗುವುದಿಲ್ಲ.

ಕೆಮ್ಮು ಎಲ್ಲಿಗೂ ಹೋಗಿರುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆಯ ಕೆಳಗೆ ಎಡದಿಂದ ಬಲಕ್ಕೆ ಒಂದು ಉದ್ದನೆಯ ಪಟ್ಟಿ ಇರುತ್ತದೆ, ಟೈಮ್‌ಲೈನ್ ಅನ್ನುತ್ತಾರೆ. ಚಿತ್ರದ ತುಂಡುಗಳನ್ನು ಅದರ ಮೇಲೆ ಒಂದರ ಪಕ್ಕ ಒಂದು ಜೋಡಿಸುವುದೇ ಕೆಲಸ. ಬೇಡವಾದ ತುಂಡನ್ನು ಬೇರೆಯವರು ಅಳಿಸುತ್ತಾರೆ, ಕತ್ತರಿ ಅಕ್ಕ ಅಳಿಸುವುದಿಲ್ಲ. ಚಿತ್ರ ಮುಗಿದ ಮೇಲೆ, ಒಂದು ಲೋಟ ಚಹಾ ಕುಡಿದು ಬರುವಷ್ಟು ಉದ್ದದ ಖಾಲಿ ಜಾಗ ಬಿಟ್ಟು, ಪಟ್ಟಿಯ ಆ ತುದಿಯಲ್ಲಿ ಎಲ್ಲ ಚೂರುಗಳನ್ನೂ ಸಾಲಾಗಿ ಇಟ್ಟುಬಿಡುತ್ತಾಳೆ. ನಾಳೆ ಯಾರಾದರೂ ಬಂದು ಆ ಒಂದು ಮಾತು ವಾಪಸ್ ಹಾಕಿ ಎಂದರೆ ಹುಡುಕುತ್ತಾ ಕೂರಬಾರದಲ್ಲ. ಕೊನೆಗೆ ಎಲ್ಲವನ್ನೂ ಒಂದೇ ಫೈಲಾಗಿ ಹೊರತೆಗೆಯುವಾಗ, ಅಂದರೆ ಎಕ್ಸ್‌ಪೋರ್ಟ್ ಮಾಡುವಾಗ, ‘ಇಲ್ಲಿಂದ ಇಲ್ಲಿಯವರೆಗೆ’ ಎಂದು ಎರಡು ಗುರುತು ಹಾಕಿದರೆ ಆಚೆಯ ಚೂರುಗಳು ಒಳಗೇ ಉಳಿಯುತ್ತವೆ, ಅಟ್ಟದ ಮೇಲಿನ ಸಾಮಾನಿನ ಹಾಗೆ.

ಇದು ಒಳ್ಳೆಯ ಪದ್ಧತಿಯೋ ಕೆಟ್ಟದ್ದೋ ಎಂದು ಆ ಕಸುಬಿನವರು ಇಂದಿಗೂ ಜಗಳವಾಡುತ್ತಾರೆ. ಅವಳು ಯಾರ ಮಾತನ್ನೂ ಕೇಳುವವಳಲ್ಲ. ಆದರೆ ಉಪದೇಶಕ್ಕೇನೂ ಕಡಿಮೆಯಿಲ್ಲ. ಕೆಲಸದ ನಡುವೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ, ಕೊನೆಯವರೆಗೂ ನೋಡದೆ ಫೈಲು ಯಾರ ಕೈಗೂ ಕೊಡಬೇಡಿ ಎಂದು ಕಲಿಯಲು ಬಂದವರ ಕಿವಿ ತೂತಾಗುವಷ್ಟು ಹೇಳಿದ್ದಾಳೆ.

ಈ ಕತ್ತರಿಸುವ ವಿದ್ಯೆ ಅವಳಿಗೆ ಬಂದದ್ದು ಯಾವ ತರಬೇತಿಯಿಂದಲೂ ಅಲ್ಲ, ಅಣ್ಣನಿಂದ. ಅಣ್ಣನಿಗೆ ಚಿಕ್ಕಂದಿನಿಂದ ಉಗ್ಗು. ಮಾತು ತುಟಿಯ ಹತ್ತಿರ ಬಂದು ನಿಂತುಬಿಡುತ್ತದೆ. ಆಗ ಅವನು ಕಣ್ಣು ಮುಚ್ಚಿ, ಬಲಗೈ ಮುಷ್ಟಿಯಿಂದ ತೊಡೆಯನ್ನು ಮೆಲ್ಲಗೆ ತಟ್ಟುತ್ತಾ, ಅದು ಹೊರಗೆ ಬರುವವರೆಗೆ ಕಾಯುತ್ತಾನೆ. ಅವನು ಕಾಯುತ್ತಾನೆ, ತಂಗಿ ಎಂದೂ ಕಾದವಳಲ್ಲ. ‘ಅಣ್ಣನ ಜೊತೆ ಹೋಗು, ಅವನಿಗೆ ಮಾತು ಸಿಗದಿದ್ರೆ ನೀನು ಹೇಳು’ ಎಂದು ಅಮ್ಮ ಒಂದು ದಿನ ಅಂಗಡಿಗೆ ಕಳಿಸುವಾಗ ಹೇಳಿದ್ದಳು. ಆ ಒಂದು ದಿನಕ್ಕೆ ಹೇಳಿದ್ದನ್ನು ಮಗಳು ಜೀವಮಾನಕ್ಕೆ ಹಚ್ಚಿಕೊಂಡಳು. ಅಣ್ಣ ಬಾಯಿ ತೆರೆಯುವುದರೊಳಗೆ ಇವಳು ಸಾಮಾನು ತೆಗೆದುಕೊಂಡು ಅಂಗಡಿಯ ಮೆಟ್ಟಿಲು ಇಳಿದಿರುತ್ತಿದ್ದಳು. ಅವನ ಮದುವೆಯ ಮಾತುಕತೆಯಲ್ಲೂ ಹುಡುಗನ ಪರವಾಗಿ ಮಾತಾಡಿದವಳು ಇವಳೇ. ‘ನಾನು ಒಪ್ಪಿದ್ದು ಅಣ್ಣನನ್ನೋ ತಂಗಿಯನ್ನೋ ಇವತ್ತಿಗೂ ಗೊತ್ತಾಗಿಲ್ಲ’ ಎಂದು ಅತ್ತಿಗೆ ಈಗಲೂ ಕಿಚಾಯಿಸುತ್ತಾಳೆ.

ಇಷ್ಟಾಗಿಯೂ ಅಣ್ಣ ಆರಿಸಿಕೊಂಡದ್ದು ಕಲಿಸುವ ಕೆಲಸವನ್ನು. ಸಾರ್ವಜನಿಕ ಈಜುಕೊಳದಲ್ಲಿ ಅವನು ಈಜು ಮೇಷ್ಟ್ರು. ಕೊರಳಲ್ಲೊಂದು ಸೀಟಿ, ಕಾಲಲ್ಲಿ ಹವಾಯಿ ಚಪ್ಪಲಿ. ನೀರಿಗೂ ಮಾತಿಗೂ ಏನು ಸಂಬಂಧ, ಸೀಟಿ ಊದಿದರೆ ಆಯಿತು ಎಂದು ತಂಗಿ ಅಂದುಕೊಂಡಿದ್ದಳು. ಹುಡುಗಿಯಾಗಿದ್ದಾಗ ಒಮ್ಮೆ ಅವಳಿಗೂ ಕಲಿಸಲು ಹೋಗಿದ್ದ. ಬೆನ್ನ ಮೇಲೆ ಮಲಗು, ಸುಮ್ಮನಿರು ಎಂದು ಅವನು ಹೇಳಿ ಮುಗಿಸುವುದರೊಳಗೆ ಇವಳು ‘ಮುಂದೇನು’ ಎಂದು ಕೇಳಲು ತಲೆ ಎತ್ತಿ ಹೊಟ್ಟೆ ತುಂಬ ನೀರು ಕುಡಿದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಣ್ಣ ನಿವೃತ್ತನಾಗುವ ಕಾಲ ಬಂತು. ಹಳೆಯ ಶಿಷ್ಯರೆಲ್ಲ ಸೇರಿ ಬೀಳ್ಕೊಡುಗೆ ಇಟ್ಟುಕೊಂಡರು. ಮೇಷ್ಟ್ರ ಮೇಲೆ ಒಂದು ಚಿತ್ರ ಮಾಡಿಕೊಡಿ, ಅದರಲ್ಲಿ ಅವರೇ ನಾಲ್ಕು ಮಾತಾಡಲಿ ಎಂದು ಕೊಳದ ಮ್ಯಾನೇಜರ್ ಕತ್ತರಿ ಅಕ್ಕನ ಕೋಣೆಗೇ ಬಂದು ಕೇಳಿದ. ಅವಳು ಒಪ್ಪಿಕೊಂಡು ಅಣ್ಣನ ಮನೆಗೆ ಹೋದಳು.

‘ನಾನು ಮಾತಾಡಲ್ಲ,’ ಎಂದ ಅಣ್ಣ, ಅಡುಗೆಮನೆಯ ಮೇಜಿನ ಮುಂದೆ ಕೂತು. ‘ಫೋಟೊ ಹಾಕು, ಸಾಕು.’

‘ಫೋಟೊ ಹಾಕೋಕೆ ನಾನ್ಯಾಕೆ ಬೇಕು? ಗೋಡೆಗೊಂದು ಮೊಳೆ ಹೊಡೆದ್ರೆ ಆಯ್ತು.’

‘ಹುಡುಗರ ಮುಂದೆ ಆದ್ರೆ ಪರವಾಗಿಲ್ಲ. ಅವತ್ತು ಹೊರಗಿನವರು ಬ... ಬ...’

‘ಬರ್ತಾರೆ. ಗೊತ್ತು. ನಿರ್ದೇಶಕರೂ ಬರ್ತಾರೆ.’

ಅಣ್ಣ ಲೋಟದ ಕಡೆ ನೋಡಿದ. ಕ್ರೀಡಾ ಇಲಾಖೆಯ ಆ ನಿರ್ದೇಶಕರ ಮುಂದೆ ಒಮ್ಮೆ ಅವನು ಸಭೆಯಲ್ಲಿ ಏನೋ ಹೇಳಲು ಎದ್ದಿದ್ದ. ಮೊದಲ ಪದವೇ ನಿಂತುಹೋಗಿತ್ತು. ‘ಬರೆದು ಕೊಟ್ಬಿಡಿ ಮೇಷ್ಟ್ರೇ, ಎಲ್ಲರಿಗೂ ಕೆಲಸ ಇದೆ’ ಎಂದಿದ್ದರು ಅವರು, ನಗುತ್ತಲೇ. ಅಂದಿನಿಂದ ಯಾವ ಸಭೆಯಲ್ಲೂ ಅವನು ಬಾಯಿ ಬಿಟ್ಟಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಎತ್ತಿ ಆಡುವುದಿಲ್ಲ.

‘ಅಣ್ಣ, ಅವರ ಮುಂದೆ ನೀನು ರೇಡಿಯೊದೋರ ಥರ ಮಾತಾಡ್ತೀಯ. ನಾನು ಮಾಡಿ ತೋರಿಸ್ತೀನಿ. ನಿಂತಿದ್ದು, ತಡೆದಿದ್ದು ಒಂದೂ ಇರಲ್ಲ.’

‘ಒಂದೂ?’

‘ಒಂದೂ. ನನ್ನ ಮಾತು.’

ಅವನು ಲೋಟವನ್ನು ಪಕ್ಕಕ್ಕೆ ಸರಿಸಿ, ‘ಆ ಮನುಷ್ಯ ಇನ್ನೊಂದ್ಸಲ ನಗಬಾರದು, ಅಷ್ಟೇ’ ಎಂದ. ಈ ಮಾತು ಒಂದು ಕಡೆಯೂ ನಿಲ್ಲದೆ ಬಂತು.

ಚಿತ್ರೀಕರಣ ಮನೆಯ ಮುಂದಿನ ಕೋಣೆಯಲ್ಲೇ ನಡೆಯಿತು. ಅಣ್ಣ ಕಿಟಕಿಯ ಪಕ್ಕ ಕುರ್ಚಿಯಲ್ಲಿ, ತಂಗಿ ಕ್ಯಾಮೆರಾದ ಹಿಂದೆ. ಆಮೇಲೆ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳು ಕಣ್ಣಲ್ಲಿ ಕಣ್ಣಿಟ್ಟು ಕೂತಳು. ತೆರೆಯ ಮೇಲೆ ಏರಿಳಿಯುವ ದನಿಯ ಗೆರೆ ಎಲ್ಲಿ ನಡುಗುತ್ತದೋ ಅಲ್ಲಿ ಒಂದು ಕೊಯ್ತ, ಎಲ್ಲಿ ಸರಿಯಾಗುತ್ತದೋ ಅಲ್ಲಿ ಇನ್ನೊಂದು. ನಡುವಿನದನ್ನು ತೆಗೆದು ಪಟ್ಟಿಯ ತುದಿಗೆ ತಳ್ಳುವುದು. ಹಾಗೆ ಕತ್ತರಿಸಿದ ಕಡೆ ಮುಖ ಸ್ವಲ್ಪ ಜಿಗಿದ ಹಾಗೆ ಕಾಣುತ್ತದೆ. ಅದು ಕಾಣದಂತೆ ಮೇಲೆ ನೀರಿನ ದೃಶ್ಯವನ್ನೋ ಹಳೆಯ ಫೋಟೊವನ್ನೋ ಹೊದಿಸುವುದು. ಮುಗಿಸಿ ಮೊದಲಿನಿಂದ ಹಾಕಿ ನೋಡಿದಾಗ ತೆರೆಯ ಮೇಲೆ ಅಣ್ಣ ನದಿ ಹರಿದ ಹಾಗೆ ಮಾತಾಡುತ್ತಿದ್ದ. ಅವಳಿಗೆ ಅಳು ಬಂತು. ಅಮ್ಮ ಇದ್ದಿದ್ದರೆ ಎಂದುಕೊಂಡಳು.

ತುದಿಯಲ್ಲಿ ಅಣ್ಣನ ಉಗ್ಗೆಲ್ಲ ಒಂದರ ಹಿಂದೊಂದು ಸಾಲಾಗಿ ಬಿದ್ದಿತ್ತು. ಇದನ್ನು ಮಾತ್ರ ಅಳಿಸಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಹುಟ್ಟುಗುಣ ಸುಟ್ಟರೂ ಹೋಗದು, ಅಳಿಸಲಿಲ್ಲ.

ಬೀಳ್ಕೊಡುಗೆ ಸಂಜೆಗೆ. ಬೆಳಿಗ್ಗೆ ಎರಡು ಗುರುತು ಹಾಕಿ ಎಕ್ಸ್‌ಪೋರ್ಟ್ ಗುಂಡಿ ಒತ್ತಿದರೆ ಅದು ಅರ್ಧ ದಾಟಿ ನಿಂತುಬಿಟ್ಟಿತು. ‘ಗೊತ್ತಿಲ್ಲದ ದೋಷ’ ಎಂಬ ಸಂದೇಶ ಬಂತು. ‘ಗೊತ್ತಿಲ್ಲ ಅಂದ್ಮೇಲೆ ದೋಷ ಅಂತ ನಿಂಗೆ ಹೇಗೆ ಗೊತ್ತಾಯ್ತು?’ ಎಂದು ಕಂಪ್ಯೂಟರಿಗೆ ಬೈದು ಮತ್ತೆ ಒತ್ತಿದಳು. ಮತ್ತೆ ಅಲ್ಲೇ ನಿಂತಿತು. ಯಂತ್ರ ಆರಿಸಿ ಹಚ್ಚಿದಳು. ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿದಳು, ಇತ್ತು. ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಕೂಡಿಟ್ಟುಕೊಂಡ ತಾತ್ಕಾಲಿಕ ಫೈಲುಗಳನ್ನೆಲ್ಲ ಗುಡಿಸಿ ಹಾಕಿದಳು. ಇಡೀ ಪಟ್ಟಿಯನ್ನು ಹೊಸ ಪ್ರಾಜೆಕ್ಟಿಗೆ ಎತ್ತಿಟ್ಟಳು. ಏನು ಮಾಡಿದರೂ ನಾಯಿ ಬಾಲ ಡೊಂಕೇ. ಅಷ್ಟರಲ್ಲಿ ಫೈಲು ಒಯ್ಯಲು ಕೊಳದಿಂದ ಬಂದ ಜೀವರಕ್ಷಕ ಮೆಟ್ಟಿಲ ಮೇಲೆ ಕೂತಿದ್ದ, ಅವನ ಫೋನು ನಿಮಿಷಕ್ಕೊಮ್ಮೆ ಬಡಿದುಕೊಳ್ಳುತ್ತಿತ್ತು.

ಒಂದೇ ಜಾಗದಲ್ಲಿ ಎಡವುತ್ತಿದೆ ಎಂದರೆ ಕಲ್ಲು ಅಲ್ಲೇ ಇದೆ. ಅದನ್ನು ಹುಡುಕಲು ಅವಳು ಹಾಕಿದ್ದ ಗುರುತು ತೆಗೆದು, ಬೇರೆ ಗುರುತು ಹಾಕಿ ಚಿತ್ರವನ್ನು ಎರಡು ಪಾಲು ಮಾಡಿ ಒಂದೊಂದನ್ನೇ ಹೊರತೆಗೆದು ನೋಡಿದಳು. ಎಡಪಾಲು ಸರಾಗ, ಬಲಪಾಲು ನಿಂತಿತು. ಬಲಪಾಲನ್ನು ಮತ್ತೆ ಎರಡು ಮಾಡಿದಳು. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದಾಗ ಕಲ್ಲು ಸಿಕ್ಕಿತು. ಅದು ಹರೆಯದ ಅಣ್ಣ ಕೊಳದ ಮೆಟ್ಟಿಲ ಮೇಲೆ ನಿಂತ ಒಂದು ಫೋಟೊ. ಸ್ಟುಡಿಯೊದವನು ಅದನ್ನು ರಸ್ತೆಯ ಬೋರ್ಡಿಗೆ ಹಾಕುವಷ್ಟು ದೊಡ್ಡದಾಗಿ ಸ್ಕ್ಯಾನ್ ಮಾಡಿಕೊಟ್ಟಿದ್ದ. ಆ ಗಾತ್ರವನ್ನು ನುಂಗಲಾರದೆ ಯಂತ್ರ ಉಸಿರು ಕಟ್ಟುತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ನಗುತ್ತಾ ಅವಳು ಫೋಟೊವನ್ನು ಚಿಕ್ಕದು ಮಾಡಿ, ಹುಡುಕಾಟಕ್ಕೆಂದು ಹಾಕಿದ್ದ ಗುರುತುಗಳನ್ನು ಅಳಿಸಿ, ಗುಂಡಿ ಒತ್ತಿದಳು. ಈ ಸಲ ಕೊನೆಯವರೆಗೂ ಹೋಯಿತು. ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು, ಯಂತ್ರ ಸುಸ್ತಾಗಿರಬೇಕು ಎಂದುಕೊಂಡಳು. ಫೋಟೊ ಬರುವ ಜಾಗವನ್ನೂ ಕೊನೆಯ ‘ವಂದನೆಗಳು’ ಎಂಬ ಅಕ್ಷರಗಳನ್ನೂ ನೋಡಿ, ಪೆನ್ ಡ್ರೈವನ್ನು ಜೀವರಕ್ಷಕನ ಕೈಗಿಟ್ಟಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದದ್ದು ಹೀಗೆ.

ಕೊಳದ ಪಕ್ಕದ ಸಭಾಂಗಣಕ್ಕೆ ಒಂದು ಕಡೆ ಪೂರ್ತಿ ಗಾಜು. ಆಚೆ ನೀರು ಕಾಣುತ್ತದೆ, ಈಚೆ ಕ್ಲೋರಿನ್ ವಾಸನೆ. ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಲಾರಿ ಓಡಿಸುವವರು, ಬ್ಯಾಂಕಿನವರು, ಮಗುವನ್ನು ಮಡಿಲಲ್ಲಿಟ್ಟುಕೊಂಡವರು, ಎಲ್ಲ ಮೇಷ್ಟ್ರ ಕೈಯಲ್ಲಿ ಒಂದು ಕಾಲಕ್ಕೆ ಒದ್ದೆಯಾದವರೇ. ಮುಂದಿನ ಸಾಲಿನಲ್ಲಿ ನಿರ್ದೇಶಕರು, ಅವರ ಪಕ್ಕ ಆಸ್ಪತ್ರೆಯಿಂದ ನೇರ ಬಂದ ಒಬ್ಬ ನರ್ಸು, ಅವಳ ಹಿಂದೆ ಕತ್ತರಿ ಅಕ್ಕ. ಮ್ಯಾನೇಜರ್ ತನ್ನ ಕೋಣೆಯ ಲ್ಯಾಪ್‌ಟಾಪಿನಲ್ಲಿ ಚಿತ್ರ ಹಚ್ಚಿದ. ಅತಿಥಿಗಳ ಚೀಲಗಳೆಲ್ಲ ಅಲ್ಲೇ ಇದ್ದುದರಿಂದ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ.

ಅಣ್ಣ ತೆರೆಯ ಮೇಲೆ ನಿರರ್ಗಳವಾಗಿ ಮಾತಾಡಿದ. ನಿರ್ದೇಶಕರು ತಲೆದೂಗಿದರು. ಕತ್ತರಿ ಅಕ್ಕನಿಗೆ ಜೀವ ತಂಪಾಯಿತು. ಆದರೆ ಮುಂದೆ ಕೂತ ನರ್ಸು ಪಕ್ಕಕ್ಕೆ ಬಾಗಿ, ‘ಇದ್ಯಾರೇ, ಮೇಷ್ಟ್ರ ತಮ್ಮನಾ?’ ಎಂದು ಇನ್ನೊಬ್ಬಳ ಕಿವಿಯಲ್ಲಿ ಕೇಳಿದ್ದು ಅವಳಿಗೂ ಕೇಳಿಸಿತು. ಅದು ಅಷ್ಟು ಹಿಡಿಸಲಿಲ್ಲ.

ಚಿತ್ರ ಮುಗಿಯಿತು. ಚಪ್ಪಾಳೆ ಬಿತ್ತು. ತೆರೆ ಕಪ್ಪಾಯಿತು. ಮ್ಯಾನೇಜರ್ ವೇದಿಕೆ ಹತ್ತಿ ಮೈಕು ಹಿಡಿದ. ಎಷ್ಟು ಅಂದವಾಗಿ ಕಪ್ಪಾಯಿತು ಎಂದು ಅವಳು ನೋಡುತ್ತಿದ್ದಳು. ಆಮೇಲೆ ಹೊಳೆಯಿತು. ಫೈಲು ಮುಗಿದಿದ್ದರೆ ತೆರೆಯ ಮೇಲೆ ಚಿತ್ರ ಹಚ್ಚುವ ಮೊದಲು ಕಂಡಿದ್ದ ಮ್ಯಾನೇಜರನ ಲ್ಯಾಪ್‌ಟಾಪಿನ ಮುಖಪುಟ, ಅವನ ಮಕ್ಕಳ ಫೋಟೊ ಬರಬೇಕಿತ್ತು. ಬಂದಿಲ್ಲ. ಎಂದರೆ ಫೈಲು ಇನ್ನೂ ಓಡುತ್ತಿದೆ. ಈ ಕಪ್ಪು ಅವಳೇ ಬಿಟ್ಟ ಖಾಲಿ ಜಾಗ.

ಬೆಳಿಗ್ಗೆ ಅಳಿಸಿದ ಗುರುತುಗಳು ನೆನಪಾದವು. ಮೊದಲಿನ ಎರಡನ್ನು ಅವಳು ಮರಳಿ ಹಾಕಿರಲೇ ಇಲ್ಲ. ಗುರುತು ಇಲ್ಲದಿದ್ದರೆ ಯಂತ್ರ ಪಟ್ಟಿಯ ತುದಿಯವರೆಗೆ ಎಲ್ಲವನ್ನೂ ಹೊರಗೆ ತರುತ್ತದೆ. ಒಂದು ಲೋಟ ಚಹಾದಷ್ಟು ಹೊತ್ತು, ಆಮೇಲೆ ಅಣ್ಣನ ಉಗ್ಗು, ಬರೀ ಉಗ್ಗು, ಗೋಡೆಯಷ್ಟು ದೊಡ್ಡದಾಗಿ, ಆ ಮನುಷ್ಯನ ಮುಂದೆ.

ಎದ್ದು ಕೋಣೆಯ ಬಾಗಿಲಿಗೆ ಓಡಿದಳು. ಬೀಗ. ಕೀಲಿ ವೇದಿಕೆಯ ಮೇಲಿದ್ದವನ ಜೇಬಿನಲ್ಲಿ. ಬಾಗಿಲ ಹತ್ತಿರ ನಿಂತು ಮ್ಯಾನೇಜರನಿಗೆ ಕೈ ಆಡಿಸಿ ಸನ್ನೆ ಮಾಡಿದಳು. ತನ್ನ ಭಾಷಣ ಅಷ್ಟು ಹಿಡಿಸಿತೆಂದು ತಿಳಿದ ಆ ಪುಣ್ಯಾತ್ಮ ನಕ್ಕು, ಕೈ ಮುಗಿದು, ಇನ್ನೂ ಲಂಬಿಸಿದ. ಪ್ರೊಜೆಕ್ಟರ್ ಛಾವಣಿಯಲ್ಲಿ ನೇತಾಡುತ್ತಿತ್ತು, ಸ್ವಿಚ್ಚು ಎಲ್ಲಿದೆಯೋ ಯಾರಿಗೆ ಗೊತ್ತು. ಇನ್ನೇನು ವೇದಿಕೆಗೇ ಹತ್ತಬೇಕು ಎನ್ನುವಾಗ ಅವನ ಬೆನ್ನ ಹಿಂದೆ ತೆರೆ ಬೆಳಗಿತು.

ಅಣ್ಣನ ಮುಖ. ಮುಚ್ಚಿದ ಕಣ್ಣು. ತೊಡೆ ತಟ್ಟುವ ಮುಷ್ಟಿ. ‘ಮ... ಮ...’ ಸ್ಪೀಕರಿನಿಂದ ಸಭಾಂಗಣ ತುಂಬಿತು. ಮ್ಯಾನೇಜರ್ ಮಾತು ನಿಲ್ಲಿಸಿ ಹಿಂದಿರುಗಿ ನೋಡಿದ. ಮೊದಲ ಸಾಲಿನ ಅಂಚಿನಲ್ಲಿ ಕೂತಿದ್ದ ಅಣ್ಣ ತೆರೆ ನೋಡಲಿಲ್ಲ, ತಿರುಗಿ ತಂಗಿಯನ್ನು ನೋಡಿದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ನೋಟ ತಡೆಯಲಾಗಲಿಲ್ಲ.

ಆಗ ನರ್ಸು ತಲೆಯನ್ನು ಕುರ್ಚಿಯ ಬೆನ್ನಿಗೆ ಒರಗಿಸಿ, ಮುಖ ಮೇಲೆ ಮಾಡಿ, ಎರಡೂ ತೋಳು ಚಾಚಿದಳು. ಅವಳ ಪಕ್ಕದವಳೂ ಚಾಚಿದಳು. ಲಾರಿಯವನು ಚಾಚಿದ, ಬ್ಯಾಂಕಿನವನು ಚಾಚಿದ, ಮಗುವಿನ ತಾಯಿ ಬಿಡುವಾಗಿದ್ದ ಒಂದು ಕೈ ಚಾಚಿದಳು. ನೋಡುತ್ತಿದ್ದಂತೆ ಇಡೀ ಸಭಾಂಗಣ ಕುರ್ಚಿಗಳಲ್ಲೇ ಅಂಗಾತವಾಗಿ, ತೋಳುಗಳ ಮೇಲೆ ತೋಳು ಬಿದ್ದು, ಸುಮ್ಮನೆ ಛಾವಣಿ ನೋಡತೊಡಗಿತು. ನರ್ಸಿನ ಕೈ ನಿರ್ದೇಶಕರ ಎದೆಗೆ ಅಡ್ಡವಾಗಿತ್ತು.

‘ಏನಮ್ಮ ಇದು?’ ಎಂದರು ಅವರು.

‘ತೇಲ್ತಿದೀವಿ ಸರ್,’ ಎಂದಳು ನರ್ಸು, ಮುಖ ಇಳಿಸದೆ. ‘ಮೇಷ್ಟ್ರು ನಮಗೆ ತೇಲೋದು ಕಲಿಸಿದ್ದೇ ಹೀಗೆ. ನೀರಲ್ಲಿ ಬೆನ್ನ ಮೇಲೆ ಮಲಗಿಸಿ ಏನೋ ಹೇಳೋಕೆ ಶುರು ಮಾಡೋರು. ಅವರ ಮಾತು ಮುಗಿಯೋವರೆಗೂ ಯಾರೂ ಅಲ್ಲಾಡೋ ಹಾಗಿಲ್ಲ. ತಲೆ ಎತ್ತಿದ್ರೆ ಮುಳುಗಿದ್ರಿ ಅಂತ ಲೆಕ್ಕ. ಬೇರೆ ಮೇಷ್ಟ್ರ ಹುಡುಗರಿಗೆ ಅಷ್ಟು ಹೊತ್ತು ತೇಲೋಕೆ ಬರ್ತಾನೇ ಇರಲಿಲ್ಲ.’

ನಿರ್ದೇಶಕರು ನಗಲಿಲ್ಲ. ಸುತ್ತ ನೋಡಿ, ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿ ಸುಮ್ಮನೆ ಕೂತರು.

ತೆರೆಯ ಮೇಲೆ ಚೂರುಗಳು ಓಡುತ್ತಲೇ ಇದ್ದವು. ಈಗ ಕತ್ತರಿ ಅಕ್ಕನಿಗೆ ಇನ್ನೊಂದು ದನಿ ಕೇಳಿಸಿತು. ಅಣ್ಣ ‘ಮ... ಮ...’ ಎಂದ ಕೂಡಲೇ ಕ್ಯಾಮೆರಾದ ಹಿಂದಿನಿಂದ ಒಬ್ಬಳು ‘ಮಕ್ಕಳು’ ಎನ್ನುತ್ತಿದ್ದಳು. ಅವನು ‘ನೀ...’ ಎಂದರೆ ‘ನೀರು’. ‘ಭ...’ ಎಂದರೆ ‘ಭಯ, ಭಯ, ಮುಂದೆ ಹೇಳು’. ಒಂದು ಚೂರೂ ಆ ದನಿಯಿಲ್ಲದೆ ಮುಗಿಯಲಿಲ್ಲ. ಎಡಿಟ್ ಮಾಡುವಾಗ ಅಷ್ಟು ಸಲ ಕೇಳಿದ್ದಳು, ಕತ್ತರಿಸಿದ್ದಳು, ಅದು ಕಿವಿಗೇ ಬಿದ್ದಿರಲಿಲ್ಲ. ಮನೆಯ ಗಡಿಯಾರದ ಸದ್ದು ಮನೆಯವರಿಗೆ ಕೇಳಿಸುತ್ತದೆಯೇ? ಪ್ರತಿ ಸಲವೂ ಅವಳು ಪದ ಕೊಟ್ಟಾಗ ತೆರೆಯ ಮೇಲೆ ಅಣ್ಣ ಕಣ್ಣು ತೆರೆದು, ಸೋತು, ತಲೆಯಾಡಿಸುತ್ತಿದ್ದ. ಉಗ್ಗುವಾಗ ಅವನ ಮುಖದಲ್ಲಿ ಆ ಸೋಲು ಇರಲಿಲ್ಲ. ಪದ ಕೊಟ್ಟ ಮೇಲೆ ಬರುತ್ತಿತ್ತು. ಅವಳು ನಾಚಿಕೆಯಿಂದ ಕುಗ್ಗಿಹೋದಳು.

‘ಯಾರದ್ದಪ್ಪ ಇದು, ಅವಸರದ ದನಿ?’ ಎಂದ ಲಾರಿಯವನು, ಛಾವಣಿ ನೋಡುತ್ತಲೇ. ಅಲ್ಲಲ್ಲಿ ನಕ್ಕರು.

ಅಷ್ಟರಲ್ಲಿ ಚೂರುಗಳು ಮುಗಿದು ತೆರೆಯ ಮೇಲೆ ಮ್ಯಾನೇಜರನ ಮಕ್ಕಳು ಬಂದರು. ಅಣ್ಣ ಎದ್ದ. ಕೊರಳಿನ ಸೀಟಿ ಊದಿದ. ಸಭಾಂಗಣದಲ್ಲಿ ಎಲ್ಲ ತೋಳುಗಳೂ ಒಟ್ಟಿಗೆ ಇಳಿದವು. ಅವನು ವೇದಿಕೆ ಹತ್ತಿ ಮ್ಯಾನೇಜರನ ಕೈಯಿಂದ ಮೈಕು ತೆಗೆದುಕೊಂಡ. ಇದು ಯಾರ ಕಾರ್ಯಕ್ರಮದಲ್ಲೂ ಇರಲಿಲ್ಲ.

‘ಆ ದ... ದ...’ ಎಂದ. ಮುಷ್ಟಿ ತೊಡೆ ತಟ್ಟಿತು. ಎಲ್ಲರೂ ಕಾದರು. ‘ದನಿ ನನ್ನ ತಂಗೀದು.’ ನಿರ್ದೇಶಕರ ಕಡೆಗೊಮ್ಮೆ, ಬಾಗಿಲ ಕಡೆಗೊಮ್ಮೆ ನೋಡಿದ. ‘ಚಿಕ್ಕವಳಿದ್ದಾಗಿಂದ ನನ್ನ ಪಾಲಿನ ಮಾತೂ ಅವಳೇ ಆಡಿದಾಳೆ. ನನಗೋಸ್ಕರಾನೇ. ಅದು ನನಗೆ ಗೊತ್ತು. ಊರಿಗೆಲ್ಲ ಕಲಿಸ್ದೆ. ಅವಳೊಬ್ಬಳಿಗೆ ಮಾತ್ರ ತೇ... ತೇ...’

ಅವಳಿಗೆ ಆ ಪದ ಗೊತ್ತಿತ್ತು. ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಅವಳ ನಾಲಿಗೆಯ ತುದಿಗೆ ಬಂದು, ಹಲ್ಲಿಗೆ ತಾಗಿ ನಿಂತಿತು. ಅವಳು ಬಾಯಿ ಮುಚ್ಚಿಕೊಂಡಳು. ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು, ತಲೆಯನ್ನು ಹಿಂದಕ್ಕೆ ಒರಗಿಸಿ, ಎರಡೂ ತೋಳು ಚಾಚಿದಳು.

ಅಣ್ಣ ಕಣ್ಣು ಮುಚ್ಚಿದ. ಅವನಿಗೆ ಅವಸರವೇನೂ ಇರಲಿಲ್ಲ. ತಂಗಿ ಛಾವಣಿ ನೋಡುತ್ತಾ ಕಾದಳು.